ಚೌಕದ ಎಂಟು ಆಟ

ಬಿ.ಎಸ್ಸಿ. ಗಣಿತದಲ್ಲಿ 'ಗ್ರೂಪ್' ಬಂದೊಡನೆ ಮಕ್ಕಳು ನಾಲ್ಕು ನಿಯಮ ಉರುಹೊಡೆಯುತ್ತಾರೆ. ಹಾಗೆಂದರೇನೆಂದು ಕೇಳಿದರೆ ಮೌನ. ಮಂಡಿಪೇಟೆ ಅಂಗಡಿಯಿಂದ ಹಳೇ ರಟ್ಟು ತಂದು ಚೌಕ ಕತ್ತರಿಸಿ. ಮೇಲಿನ ಎಡಮೂಲೆಯಿಂದ ಬಲಸುತ್ತಾಗಿ ಕ, ಖ, ಗ, ಘ ಬರೆಯಿರಿ. ಹಿಂಬದಿಯಲ್ಲೂ ಆಯಾ ಮೂಲೆಗೆ ಅದೇ ಅಕ್ಷರ. ಚೌಕ ತನ್ನ ಜಾಗದಲ್ಲೇ ಕೂರುವ ಬಗೆ ಎಂಟು: ಸುಮ್ಮನಿರುವುದೂ ಸೇರಿ ನಾಲ್ಕು ತಿರುವು, ನಾಲ್ಕು ಮಗುಚು. ಯಾವೆರಡನ್ನು ಒಂದಾದ ಮೇಲೊಂದು ಮಾಡಿದರೂ ಈ ಎಂಟರಲ್ಲೇ ಒಂದು. ಮಾಡಿದ್ದನ್ನು ರದ್ದುಮಾಡುವುದೂ ಇಲ್ಲೇ ಇದೆ. ಇದೇ ಗ್ರೂಪ್. ಕಾಲುಸುತ್ತು ಬಲಕ್ಕೆ ತಿರುಗಿಸಿ, ಪುಟದಂತೆ ಮಗುಚಿದರೆ ಮೇಲಿನ ಎಡಮೂಲೆಗೆ 'ಕ'. ಮೊದಲು ಮಗುಚಿ ಆಮೇಲೆ ತಿರುಗಿಸಿದರೆ 'ಗ'! ಕೂಡುವ ಲೆಕ್ಕದಲ್ಲಿ ಇಂಥ ತಂಟೆಯಿಲ್ಲ.

ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಹೋದಾಗ ಮೂರ್ತಿಯನ್ನು ನೋಡಿ. ಬಲಭಾಗ ಶಿವ, ಎಡಭಾಗ ವಿಷ್ಣು. ಕನ್ನಡಿಯಲ್ಲಿ ಅದಲುಬದಲು. ಅದಕ್ಕೆ ಸುಮ್ಮನಿರುವುದೊಂದೇ ಆಟ, ಅದೂ ಗ್ರೂಪೇ!