ಜಾಲತಾಣ ಕಣ್ಣಿದ್ದವರ ಸೊತ್ತೇ?

ನಾಗಸಂದ್ರದ ಮೆಟ್ರೋ ನಿಲ್ದಾಣ 2015ರ ಮೇ 1ರಂದು ತೆರೆಯಿತು. ಅಲ್ಲಿ ಅಂಧರ ಕೋಲಿಗೆ ತಗಲುವ ಉಬ್ಬು ಹಾಸುಗಲ್ಲುಗಳಿವೆ, ಲಿಫ್ಟ್ ಇದೆ. ಅದೇ ಅಂಧ ಪ್ರಯಾಣಿಕ ಮೊಬೈಲಿನಲ್ಲಿ ಕನ್ನಡದ ಸುತ್ತೋಲೆಯೊಂದನ್ನು ತೆರೆದರೆ ದಾರಿ ಮುಚ್ಚಿಹೋಗುತ್ತದೆ.

ಏಕೆಂದರೆ ಎಷ್ಟೋ ಸುತ್ತೋಲೆಗಳು ಸ್ಕ್ಯಾನ್ ಮಾಡಿದ ಬರೀ ಚಿತ್ರಗಳು. ಓದಿ ಹೇಳುವ ತಂತ್ರಾಂಶಕ್ಕೆ ಅವು ಖಾಲಿ ಹಾಳೆ. ಹಳೆಯ ಫಾಂಟುಗಳದ್ದು ಇನ್ನೊಂದು ಕಥೆ: ನೋಡಲು ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಮತ್ತೇಕೆ ಈ ಸೋಮಾರಿತನ?

ಖರ್ಚಿನ ಮಾತು ಬರೀ ನೆಪ. ಅಕ್ಷರವನ್ನು ಅಕ್ಷರವಾಗಿಯೇ ಹಾಕಿ. ಚಿತ್ರಕ್ಕೊಂದು ಸಾಲು ವಿವರಣೆ ಕೊಡಿ. ಬಿಳಿಯ ಮೇಲೆ ತಿಳಿಬೂದು ಬಣ್ಣದ ಶೋಕಿ ಬಿಡಿ. ಪೀಣ್ಯದಲ್ಲಿ ದುಡಿದು ಕಣ್ಣು ಮಂಜಾದ ಕಾರ್ಮಿಕನಿಗೂ ಇದರಿಂದ ಉಪಕಾರ.

ಇದು ಕರುಣೆಯ ಪ್ರಶ್ನೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಸರಕಾರದ ಹೊಣೆ ಮಾಡಿದೆ. ಆಸಿಡ್ ದಾಳಿಯಲ್ಲಿ ಕಣ್ಣು ಸುಟ್ಟವರಿಗೂ ‘ಕಣ್ಣು ಮಿಟುಕಿಸಿ’ ಎನ್ನುವ ಕೆವೈಸಿ ಪದ್ಧತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಪಡೆಯುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ಸಾರಿದೆ.

ಸರಕಾರವನ್ನಷ್ಟೇ ದೂರಿದರೆ ಸಾಲದು. ನಮ್ಮ ಸಂಘಸಂಸ್ಥೆಗಳೂ ಪ್ರಕಟಣೆಗಳನ್ನು ಚಿತ್ರ ಮಾಡಿಯೇ ಹಂಚುತ್ತಿವೆ. ಮೊದಲ ಹಾಸುಗಲ್ಲನ್ನು ನಮ್ಮ ಅಂಗಳದಲ್ಲೇ ಹಾಕೋಣ.