ಶ್ವಾಸಕೋಶದ ಗಂಟು: ವರದಿಯ ಜೊತೆಗೆ ವೈದ್ಯರ ಕೈಯೂ ಬೇಕು



2024ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ 347 ಜಿಲ್ಲೆಗಳಲ್ಲಿ 100 ದಿನಗಳ ಕ್ಷಯರೋಗ ಅಭಿಯಾನ ಆರಂಭಿಸಿತು. ಕೈಯಲ್ಲೇ ಹಿಡಿದೊಯ್ಯುವ ಎಕ್ಸ್-ರೇ ಯಂತ್ರಗಳು ಹಳ್ಳಿಗಳನ್ನೂ ತಲುಪಿದವು. ಅದಕ್ಕೂ ಮೊದಲು, ಕೋವಿಡ್ ಕಾಲದಲ್ಲಿ, ಸಿ.ಟಿ. ಸ್ಕ್ಯಾನ್ ಮನೆಮಾತಾಗಿತ್ತು. ಚಿತ್ರ ತೆಗೆಯುವುದು ಹೆಚ್ಚಿದಂತೆ ‘ನಾಡ್ಯೂಲ್ ಇದೆ’ ಎಂಬ ವರದಿಯೂ ಹೆಚ್ಚು ಜನರ ಕೈ ಸೇರುತ್ತದೆ. ಅದನ್ನು ಓದಿ ಮನೆಯವರು ಕ್ಯಾನ್ಸರ್ ಎಂದೇ ತೀರ್ಮಾನಿಸುವುದು ತಪ್ಪು. ರೋಗಿಯನ್ನು ಮುಟ್ಟಿ ನೋಡದೆ ಫಿಲ್ಮ್ ಮಾತ್ರ ನೋಡಿ ಕಳುಹಿಸುವುದೂ ತಪ್ಪೇ.

ನಾಡ್ಯೂಲ್ ಎಂದರೆ 3 ಸೆಂಟಿಮೀಟರ್‌ವರೆಗಿನ ದುಂಡನೆಯ ಗಂಟು. ಸಣ್ಣ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹಳೆಯ ಕ್ಷಯದ ಕಲೆಯೂ ಹೀಗೆ ಕಾಣುತ್ತದೆ. ಅಷ್ಟು ಚಿಕ್ಕದು ಸ್ಟೆತಾಸ್ಕೋಪಿಗೆ ಸಿಗುವುದಿಲ್ಲ, ನಿಜ. ಆದರೆ ಅದರ ಕಾರಣದ ಸುಳಿವು ಕೆಲವೊಮ್ಮೆ ಎದೆಯ ಹೊರಗೆ ಇರುತ್ತದೆ.

ಮೊದಲು ಕುತ್ತಿಗೆ. ಕೊರಳೆಲುಬಿನ ಮೇಲ್ಭಾಗದಲ್ಲಿ ಗ್ರಂಥಿ ಊದಿದ್ದರೆ ಅಲ್ಲಿಂದಲೇ ಸೂಜಿಯಲ್ಲಿ ಮಾದರಿ ತೆಗೆಯಬಹುದು; ಎದೆಗೆ ಚುಚ್ಚುವ ಅಪಾಯ ತಪ್ಪಬಹುದು. ನಂತರ ಬೆರಳು. ಎರಡೂ ಕೈಯ ಒಂದೇ ಬೆರಳಿನ ಉಗುರುಗಳನ್ನು ಎದುರುಬದುರು ಸೇರಿಸಿದರೆ ನಡುವೆ ಸಣ್ಣ ಕಿಂಡಿ ಕಾಣಬೇಕು. ಕಾಣದಿದ್ದರೆ ಬೆರಳ ತುದಿ ಉಬ್ಬಿರಬಹುದು. ದಕ್ಷಿಣ ಆಫ್ರಿಕಾದ ವೈದ್ಯ ಲಿಯೋ ಶಾಮ್ರೋತ್ ಇದನ್ನು ತಮ್ಮದೇ ಬೆರಳುಗಳಲ್ಲಿ ಗಮನಿಸಿ 1976ರಲ್ಲಿ ಬರೆದರು. ಒಡೆದ ದನಿ, ಜೋತುಬಿದ್ದ ಒಂದು ರೆಪ್ಪೆ, ಇಳಿದ ತೂಕ, ಕೀಲುವಾತದವರ ಮೊಣಕೈ ಗಂಟು ಇವೆಲ್ಲವೂ ಸಾಕ್ಷಿಗಳೇ. ಬೇರೆಡೆಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿರಬಹುದಾದ್ದರಿಂದ ಸ್ತನ, ಥೈರಾಯ್ಡ್, ಹೊಟ್ಟೆಯನ್ನೂ ನೋಡಬೇಕು. ಮಹಿಳೆಯರು ಸಂಕೋಚಪಡದೆ ಮಹಿಳಾ ವೈದ್ಯರನ್ನು ಕೇಳಿ.

ಮೈಯಲ್ಲಿ ಏನೂ ಸಿಗಲಿಲ್ಲವೆಂದು ಸ್ಕ್ಯಾನ್ ಬಿಡುವಂತಿಲ್ಲ. ಆಕಸ್ಮಿಕವಾಗಿ ಕಂಡ ಒಂಟಿ ಗಟ್ಟಿ ಗಂಟಿಗೆ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ ಹೀಗಿದೆ: 6 ಮಿಲಿಮೀಟರ್‌ಗಿಂತ ಚಿಕ್ಕದಾಗಿ, ಅಪಾಯ ಕಡಿಮೆಯಿದ್ದರೆ ಮತ್ತೆ ಸ್ಕ್ಯಾನ್ ಬೇಡ, 6ರಿಂದ 8 ಇದ್ದರೆ 6–12 ತಿಂಗಳಲ್ಲಿ ಮತ್ತೊಮ್ಮೆ, 8 ದಾಟಿದರೆ ಬೇಗನೆ ಮುಂದಿನ ಪರೀಕ್ಷೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ಕಾಸರಗೋಡಿನವರು ಮಂಗಳೂರಿಗೆ, ಜತ್ತದವರು ಮಿರಜಕ್ಕೆ, ಆದೋನಿಯವರು ಕರ್ನೂಲಿಗೆ ಹೋಗುತ್ತಾರೆ. ಎಷ್ಟೋ ಕಡೆ ವೈದ್ಯರ ಭಾಷೆ ಬೇರೆ, ರೋಗಿಯ ಭಾಷೆ ಬೇರೆ. ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ. ಎರಡೂ ಭಾಷೆ ಬಲ್ಲವರೊಬ್ಬರನ್ನು ಕರೆದೊಯ್ಯಿರಿ. ಬೀಡಿ, ಹಳೆಯ ಕ್ಷಯ, ಮಾಡಿದ ಕೆಲಸ ಯಾವುದನ್ನೂ ಮುಚ್ಚಿಡಬೇಡಿ. ಹಳೆಯ ಫಿಲ್ಮ್‌ಗಳನ್ನು ಎಸೆಯಬೇಡಿ: ಎರಡು ವರ್ಷ ಬೆಳೆಯದ ಗಟ್ಟಿ ಗಂಟು ಸಾಮಾನ್ಯವಾಗಿ ನಿರುಪದ್ರವಿ. ಹೊರಡುವ ಮುನ್ನ, “ಡಾಕ್ಟ್ರೇ, ಒಮ್ಮೆ ಕುತ್ತಿಗೆ ಮುಟ್ಟಿ ನೋಡಿ” ಎಂದು ವಿನಯದಿಂದ ಕೇಳಿ. ಅದು ನಿಮ್ಮ ಹಕ್ಕು.

– ಕಾರ್ಯದರ್ಶಿ