ಬೀಡಿ ಕಟ್ಟುವ ಕೈಗಳೂ ಜಗತ್ತಿನ ರಾಜಕಾರಣವೂ

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ಎಂಬ ಊರಿದೆ. ಪರಿಚಿತರೊಬ್ಬರ ಮನೆಯ ಕಾರ್ಯಕ್ಕೆಂದು ಹೋಗಿದ್ದ ನಾವು ಅಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ, ವೃದ್ಧೆಯೊಬ್ಬರು ಬೀಡಿಯ ಕಟ್ಟುಗಳಿದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತರು. “ಧೂಮಪಾನ ಕೆಟ್ಟದ್ದಲ್ಲವೇ ತಾಯಿ?” ಎಂದೆವು. ಪ್ರವಚನ ಹೇಳುವವರ ಚಟ, ಬಸ್ ನಿಲ್ದಾಣದಲ್ಲಿಯೂ ಬಿಡದು. ಆಕೆ ಸಿಟ್ಟಾಗಲಿಲ್ಲ. “ಕೆಟ್ಟದ್ದು ಹೌದು ಸ್ವಾಮಿ. ನಿಲ್ಲಿಸಬೇಕು ಎನ್ನುವವರು ಕಟ್ಟುವವರ ಹತ್ತಿರ ಒಮ್ಮೆಯಾದರೂ ಕೇಳಿದ್ದುಂಟಾ?”

ಓದುಗ ಬಾಂಧವರೇ, ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಭಾಗದ ಹೆಣ್ಣುಮಕ್ಕಳು ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಪುಡಿ ತುಂಬಿ ಸುತ್ತಿ ನೂಲು ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟೆಂಬ ಮಜೂರಿ. ಎಲೆ ಮಧ್ಯಭಾರತದ ಕಾಡಿನದು. ಅದನ್ನು ಕೊಯ್ದು ತರುವವರಲ್ಲಿ ಬುಡಕಟ್ಟಿನವರೇ ಬಹಳ. ಹೊಗೆಸೊಪ್ಪು ಗುಜರಾತಿನದು, ನಮ್ಮ ನಿಪ್ಪಾಣಿ ಸೀಮೆಯದು. 1981ರಲ್ಲಿ ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತ ನಿಪ್ಪಾಣಿಯ ರೈತರು ಪೊಲೀಸರ ಗುಂಡಿಗೆ ಪ್ರಾಣ ತೆತ್ತುದನ್ನು ನಮ್ಮ ಹಿರಿಯರು ಮರೆತಿರಲಾರರು. ಬೆಳೆದವನ ಕಣ್ಣೀರು ನಮಗೆ ತಿಳಿದಿತ್ತು. ಕಟ್ಟುವವಳನ್ನು ನಾವು ಕಂಡಿರಲಿಲ್ಲ.

ದೂರದ ದೇಶಗಳು ಮಾತ್ರ ಆಕೆಯ ವಿಷಯವನ್ನು ನಿರ್ಣಯಿಸುತ್ತಲೇ ಬಂದಿವೆ. 1999ರ ನವೆಂಬರಿನಲ್ಲಿ ಮಂಗಳೂರಿನ ಸಂಸ್ಥೆಯೊಂದರ ಬೀಡಿಗಳನ್ನು, ಮಕ್ಕಳ ಜೀತದ ಆರೋಪದ ಮೇಲೆ, ಅಮೆರಿಕದ ಸುಂಕದ ಇಲಾಖೆ ತನ್ನ ಬಂದರುಗಳಲ್ಲಿ ತಡೆಯಿತು. ಮಕ್ಕಳ ಜೀತ ಘೋರ ಅನ್ಯಾಯ. ಅದನ್ನು ಪ್ರಶ್ನಿಸಿದ್ದು ತಪ್ಪೆಂದು ನಾವು ಹೇಳಲಾರೆವು. ಆದರೆ 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದರೆ, ಅದೇ ಅಮೆರಿಕ ಸಹಿ ಹಾಕಿ, ಅನುಮೋದಿಸದೆ ಉಳಿಯಿತು. ಬಲಿಷ್ಠರ ಧರ್ಮಬುದ್ಧಿ ಬಡವರ ಸರಕಿನ ಮೇಲೆಯೇ ಮೊದಲು ಏಕೆ ಎಚ್ಚರಗೊಳ್ಳುತ್ತದೆ ಎಂದು ವಸಾಹತೋತ್ತರ ಚಿಂತಕರು ಕೇಳುವುದು ಇದಕ್ಕಾಗಿಯೇ. ಆ ಒಪ್ಪಂದದ 17ನೆಯ ವಿಧಿ ತಂಬಾಕಿನ ಕೆಲಸಗಾರರಿಗೆ ಬದಲಿ ಜೀವನೋಪಾಯಗಳನ್ನು ಉತ್ತೇಜಿಸಬೇಕೆನ್ನುತ್ತದೆ. ಸಿದ್ಧಕಟ್ಟೆಯ ಆ ತಾಯಿ ಅದನ್ನು ಕೇಳಿಯೇ ಇರಲಿಲ್ಲ.

ಜರ್ಮನಿಯ ವಿದುಷಿ ಮರಿಯಾ ಮೀಸ್ 1982ರಲ್ಲಿ ಆಂಧ್ರದ ನರಸಾಪುರದ ಲೇಸು ಹೆಣೆಯುವ ಹೆಂಗಸರ ಮೇಲೊಂದು ಗ್ರಂಥ ಬರೆದರು. ಜಗತ್ತಿನ ಮಾರುಕಟ್ಟೆಗಾಗಿ ದಿನವಿಡೀ ದುಡಿಯುವವರನ್ನು “ಬಿಡುವಿನಲ್ಲಿ ಏನೋ ಮಾಡುವ ಗೃಹಿಣಿಯರು” ಎಂದು ಕರೆದರೆ ಕೂಲಿಯನ್ನು ಎಷ್ಟು ಬೇಕಾದರೂ ಇಳಿಸಬಹುದೆಂಬುದನ್ನು ಅವರು ತೋರಿಸಿದರು. ನಮ್ಮ 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದೇ ಒಪ್ಪಿತ್ತು. ಆದರೆ ಮನೆಗೆಲಸಗಾರರಲ್ಲದ, ಮನೆಯಲ್ಲಿಯೇ ಕುಳಿತು ಕೂಲಿ ಮಾಡುವ ಇಂಥವರಿಗಾಗಿ 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾಡಿದ ಒಡಂಬಡಿಕೆಗೆ ನಮ್ಮ ದೇಶ ಅನುಮೋದನೆ ನೀಡಿಲ್ಲ. ಪರರನ್ನಷ್ಟೇ ದೂರಿ ಫಲವೇನು? ಕಾಯಕದ ಹಿರಿಮೆಯನ್ನು ವೇದಿಕೆಯೇರಿ ಸಾರುವ ನಾವೂ, “ನಮ್ಮ ಮನೆಯವಳು ಕೆಲಸಕ್ಕೆ ಹೋಗುವುದಿಲ್ಲ, ಮನೆಯಲ್ಲಿಯೇ ರೊಟ್ಟಿ ಮಾಡಿ ಮಾರುತ್ತಾಳೆ” ಎನ್ನುತ್ತೇವಲ್ಲ!

ಬಸ್ಸು ಬಂತು. ಮಕ್ಕಳೂ ಕಟ್ಟುವರೇ ಎಂದು ಏಳುತ್ತ ಕೇಳಿದೆವು. “ಮಗಳನ್ನು ಇದರಲ್ಲಿಯೇ ಓದಿಸಿದ್ದು. ಅವಳು ಮಂಗಳೂರಿನಲ್ಲಿ ನರ್ಸು. ಬೀಡಿ ಮುಟ್ಟಲಿಕ್ಕೆ ನಾನೇ ಬಿಡಲಿಲ್ಲ” ಎಂದು ಆಕೆ ಚೀಲ ಎತ್ತಿಕೊಂಡು ಬ್ರಾಂಚಿನ ಕಡೆ ನಡೆದರು.